ಮನೆಯಂಗಳದಲ್ಲೇ ಕಾರಿನ ಅಡಿ ಕೆಲಸ: ರ‍್ಯಾಂಪ್ ಕೊಳ್ಳುವುದೋ, ಮಾಡಿಸುವುದೋ?

‘ಆಯಿಲ್ ಬದಲಿಸಲು ಕಾರನ್ನು ಹತ್ತಿಸಿ ನಿಲ್ಲಿಸಬೇಕು. ಯಾವ ರ‍್ಯಾಂಪ್ ತೆಗೆದುಕೊಳ್ಳಲಿ? ಮರದಲ್ಲಿ ಮಾಡಿಸಿದರೆ ತಡೆಯುತ್ತದೆಯೇ?’ ಈ ಪ್ರಶ್ನೆ ತಿಂಗಳಿಗೆ ನಾಲ್ಕೈದು ಬಾರಿಯಾದರೂ ಬರುತ್ತದೆ. ಒಬ್ಬೊಬ್ಬರಿಗೆ ಅರ್ಧರ್ಧ ಉತ್ತರ ಕೊಡುವ ಬದಲು ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ. ರ‍್ಯಾಂಪ್ ಎಂದರೆ ಕಾರಿನ ಮುಂದಿನ ಅಥವಾ ಹಿಂದಿನ ಎರಡು ಚಕ್ರಗಳನ್ನು ಹತ್ತಿಸಿ ನಿಲ್ಲಿಸುವ, ಚಕ್ರಕ್ಕೊಂದರಂತೆ ಜೋಡಿಯಾಗಿ ಇಡುವ ಏರು.

ಕೇಳುವವರೆಲ್ಲರ ಭಯ ಒಂದೇ, ರ‍್ಯಾಂಪ್ ಮುರಿದರೆ ಏನು ಗತಿ ಎಂದು. ಸರಿಯಾಗಿ ಮಾಡಿದ ರ‍್ಯಾಂಪ್ ಮುರಿಯುವುದು ಬಹಳ ಅಪರೂಪ. ಅದು ಜಾರುತ್ತದೆ. ಇಲ್ಲವೇ ಅದರ ಮೇಲಿರುವ ಕಾರು ಉರುಳುತ್ತದೆ. ಆದ್ದರಿಂದ ಈ ಬರಹದಲ್ಲಿ ಮರ, ಕಬ್ಬಿಣದ ಮಾತು ಎಷ್ಟಿದೆಯೋ ನೆಲ ಮತ್ತು ಹಿಂದಿನ ಚಕ್ರಗಳ ಮಾತೂ ಅಷ್ಟೇ ಇದೆ. ಮರದ ಭಾಗವನ್ನು ಮಾತ್ರ ಓದಿ ಗರಗಸ ಹಿಡಿಯಬೇಡಿ.

1. ನಿಮ್ಮ ಕೆಲಸಕ್ಕೆ ರ‍್ಯಾಂಪ್ ಬೇಕೇ?

ಇಂಜಿನ್ ಆಯಿಲ್ ಬದಲಾವಣೆ, ಆಯಿಲ್ ಸೋರಿಕೆ ಹುಡುಕುವುದು, ಸೈಲೆನ್ಸರ್ ಪರೀಕ್ಷೆ, ಅಡಿಯ ಕೆಸರು ತೊಳೆಯುವುದು, ಕರಾವಳಿಯವರಾದರೆ ಮಳೆಗಾಲ ಕಳೆದ ಮೇಲೆ ತುಕ್ಕು ಕೆರೆದು ಬಣ್ಣ ಬಳಿಯುವುದು. ಇಂಥ ಕೆಲಸಗಳಿಗೆ ರ‍್ಯಾಂಪ್ ಹೇಳಿ ಮಾಡಿಸಿದ್ದು. ಚಕ್ರ ಕಳಚಬೇಕಾದ ಯಾವ ಕೆಲಸಕ್ಕೂ ಅದು ಪ್ರಯೋಜನವಿಲ್ಲ. ಕಾರು ನಿಂತಿರುವುದೇ ಚಕ್ರದ ಮೇಲಲ್ಲವೇ? ಬ್ರೇಕ್ ಪ್ಯಾಡ್, ಡ್ರೈವ್ ಶಾಫ್ಟ್, ಸಸ್ಪೆನ್ಷನ್ ಕೆಲಸಗಳಿಗೆ ಜ್ಯಾಕ್ ಮತ್ತು ಜ್ಯಾಕ್ ಸ್ಟ್ಯಾಂಡ್ ಬೇಕು. ಜ್ಯಾಕ್ ಸ್ಟ್ಯಾಂಡ್ ಎಂದರೆ ಎತ್ತಿದ ಕಾರನ್ನು ಹೊತ್ತು ನಿಲ್ಲುವ, ಎತ್ತರ ಬದಲಿಸಿ ಕೀಲು ಹಾಕಬಹುದಾದ ಕಬ್ಬಿಣದ ಕಾಲುಗಂಬ.

ಕಾರಿನ ಜೊತೆ ಬರುವ ಜ್ಯಾಕ್ ಪಂಕ್ಚರ್ ಆದ ಚಕ್ರ ಬದಲಿಸಲಿಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಹೈಡ್ರಾಲಿಕ್ ಜ್ಯಾಕಿಗೂ ಇದೇ ಮಾತು. ಒಳಗಿನ ಒಂದು ರಬ್ಬರ್ ಸೀಲ್ ಸವೆದರೆ ಸಾಕು, ಅದು ಸದ್ದಿಲ್ಲದೆ ಕುಸಿಯುತ್ತದೆ.

2. ಮೊದಲು ನೆಲವನ್ನು ನೋಡಿ

ನಮ್ಮ ಮನೆಗಳ ಕಾರು ನಿಲ್ಲಿಸುವ ಜಾಗ ಸಾಮಾನ್ಯವಾಗಿ ಗೇಟಿನ ಕಡೆಗೆ ಇಳಿಜಾರಾಗಿರುತ್ತದೆ, ಮಳೆನೀರು ಹರಿದುಹೋಗಲೆಂದು. ಕಣ್ಣಿಗೆ ಸಮತಟ್ಟಾಗಿ ಕಂಡರೂ ನಂಬಬೇಡಿ. ಗಾರೆ ಕೆಲಸದವರು ಬಳಸುವ ನೀರಿನ ಟ್ಯೂಬ್ ಲೆವೆಲ್ ಇದ್ದರೆ ಹಿಡಿದು ನೋಡಿ. ಇಲ್ಲದಿದ್ದರೆ ನೇರವಾದ ಉದ್ದ ಹಲಗೆಯ ಮೇಲೆ ಸ್ಪಿರಿಟ್ ಲೆವೆಲ್ ಇಡಿ. ಒಂದು ಅಡಿಗೆ ಕಾಲು ಅಂಗುಲಕ್ಕಿಂತ ಹೆಚ್ಚು ಇಳಿದರೆ ಆ ಜಾಗ ಬೇಡ, ಇದು ನಾನು ಇಟ್ಟುಕೊಂಡಿರುವ ಗಡಿ.

ನೆಲದ ಬಗೆಯೂ ಮುಖ್ಯ. ಒರಟು ಸಿಮೆಂಟ್ ನೆಲ ಎಲ್ಲಕ್ಕಿಂತ ಒಳ್ಳೆಯದು. ಶಹಾಬಾದ್ ಕಲ್ಲಿನ ಹಾಸು ಪರವಾಗಿಲ್ಲ, ಆದರೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ಇಲ್ಲ, ಭಾರ ಬಿದ್ದರೆ ಕಲ್ಲು ಬಿರಿಯುತ್ತದೆ. ಇಂಟರ್‌ಲಾಕ್ ಇಟ್ಟಿಗೆ ಕೆಲವೆಡೆ ಕುಸಿದು ಹಳ್ಳವಾಗಿರುತ್ತದೆ, ಅಂಥ ಕಡೆ ಬೇಡ. ಬರಿ ಮಣ್ಣಿನ ಅಂಗಳವಾದರೆ ರ‍್ಯಾಂಪಿನ ಕೆಳಗೆ ಅದಕ್ಕಿಂತ ಅಗಲವಾದ ದಪ್ಪ ಹಲಗೆ ಹಾಸಿ. ಮಳೆ ಬಂದು ನೆಲ ಮೆತ್ತಗಾದ ದಿನ ಕೆಲಸವನ್ನೇ ಮುಂದೂಡಿ.

ಎಲ್ಲಕ್ಕಿಂತ ಕೆಟ್ಟದ್ದು ಪೋರ್ಟಿಕೋದ ನುಣುಪು ಟೈಲ್ಸ್. ಒಮ್ಮೆ ಹಿಂದಿನ ಚಕ್ರ ತಳ್ಳುವ ಹಳೆಯ ವ್ಯಾನೊಂದನ್ನು ಟೈಲ್ಸ್ ಮೇಲೆ ಹತ್ತಿಸಲು ಹೋಗಿ, ಎರಡೂ ರ‍್ಯಾಂಪ್‌ಗಳು ಐಸ್ ಮೇಲೆ ಇಟ್ಟಂತೆ ಮುಂದಕ್ಕೆ ಜಾರಿ ತುಳಸಿಕಟ್ಟೆಗೆ ಬಡಿದವು. ತಪ್ಪು ಪೂರ್ತಿ ನನ್ನದೇ. ಹೀಗೇಕಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಕಾರಿನ ಯಾವ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುತ್ತದೆ ಎಂಬುದರ ಮೇಲೆ ರ‍್ಯಾಂಪ್ ಜಾರುವ ದಿಕ್ಕೇ ಬದಲಾಗುತ್ತದೆ.

ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10 ಇಂಥ ಕಾರುಗಳಲ್ಲಿ ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಮುಂದಿನ ಚಕ್ರ ಏರನ್ನು ಹತ್ತುವಾಗ ತನ್ನ ಭಾರದಿಂದ ರ‍್ಯಾಂಪನ್ನು ಮುಂದಕ್ಕೆ ನೂಕುತ್ತದೆ, ತನ್ನ ಹಿಡಿತದಿಂದ ಹಿಂದಕ್ಕೆ ಎಳೆಯುತ್ತದೆ. ನಿಧಾನವಾಗಿ ಹತ್ತಿದರೆ ಈ ಎರಡೂ ಹೆಚ್ಚುಕಡಿಮೆ ಸರಿತೂಗುತ್ತವೆ. ಆಕ್ಸಿಲರೇಟರ್ ಒತ್ತಿದಿರೋ, ಎಳೆತ ಗೆದ್ದು ರ‍್ಯಾಂಪ್ ಕಾರಿನ ಹೊಟ್ಟೆಯ ಕೆಳಗೆ ಹಿಂದಕ್ಕೆ ಚಿಮ್ಮುತ್ತದೆ. ಓಮ್ನಿ, ಈಕೋ, ಬೊಲೆರೊ, ಇನ್ನೋವಾ ಕ್ರಿಸ್ಟಾ ಇವುಗಳಲ್ಲಿ ಹಿಂದಿನ ಚಕ್ರ ತಳ್ಳುತ್ತದೆ, ಮುಂದಿನ ಚಕ್ರ ಸುಮ್ಮನೆ ಉರುಳುತ್ತದೆ. ಹಾಗಾಗಿ ರ‍್ಯಾಂಪನ್ನು ಮುಂದಕ್ಕೆ ನೂಕುವ ಬಲಕ್ಕೆ ಎದುರಾಳಿಯೇ ಇಲ್ಲ. ನಾಲ್ಕು ಅಂಗುಲ ಮುಂದೆ ಹೋದರೆ ಒಂದು ಅಂಗುಲ ಏರುವ ರ‍್ಯಾಂಪಿನಲ್ಲಿ ಈ ನೂಕು, ಆ ಚಕ್ರದ ಮೇಲಿನ ಭಾರದ ಕಾಲು ಭಾಗದಷ್ಟಿರುತ್ತದೆ. ಚಕ್ರದ ಮೇಲೆ 270 ಕಿಲೋ ಇದ್ದರೆ ಸುಮಾರು 67 ಕಿಲೋ ನೂಕು. ಧೂಳು ಕೂತ ಟೈಲ್ಸ್ ಅದನ್ನು ತಡೆದುಕೊಳ್ಳುವುದಿಲ್ಲ.

ಪರಿಹಾರ ಅಗ್ಗದ್ದೇ. ರ‍್ಯಾಂಪಿನ ತಳಕ್ಕೆ ಪೂರ್ತಿಯಾಗಿ ರಬ್ಬರ್ ಹಾಳೆ ಅಂಟಿಸಿ, ಮೊಳೆಯ ತಲೆಗಳು ರಬ್ಬರಿನೊಳಗೆ ಹೂತುಹೋಗುವಂತೆ ಹೊಡೆಯಿರಿ. ಹಳೆಯ ಕನ್ವೇಯರ್ ಬೆಲ್ಟ್ ತುಂಡು ಗುಜರಿಯಲ್ಲಿ ಸಿಗುತ್ತದೆ, ಲಾರಿ ಟ್ಯೂಬ್ ಕತ್ತರಿಸಿದರೂ ನಡೆಯುತ್ತದೆ. ನೆಲವನ್ನು ಗುಡಿಸಿ, ಒರೆಸಿ, ಪೂರ್ತಿ ಒಣಗಿದ ಮೇಲೆ ರ‍್ಯಾಂಪ್ ಇಡಿ. ಅಂಗಡಿಯಿಂದ ತಂದ ಕಬ್ಬಿಣದ ರ‍್ಯಾಂಪಿಗೂ ಇದು ಅನ್ವಯ.

3. ಕಾರಿನ ನಾಲ್ಕು ಅಳತೆ

ಒಂದು ಟೇಪು, ಒಂದು ಚೀಟಿ ಹಿಡಿದು ಕಾರಿನ ಬಳಿ ಕೂರಿ.

ಮೊದಲನೆಯದು ತೂಕ. ಆರ್‌ಸಿ ಕಾರ್ಡಿನಲ್ಲಿ ವಾಹನದ ಖಾಲಿ ತೂಕ ಬರೆದಿರುತ್ತದೆ. ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳು 700ರಿಂದ 950 ಕಿಲೋ ಒಳಗೆ ಬರುತ್ತವೆ, ದೊಡ್ಡ ಎಸ್‌ಯುವಿಗಳು ಒಂದೂವರೆ ಟನ್ ದಾಟುತ್ತವೆ. ಮುಂದೆ ಇಂಜಿನ್ ಇರುವ ಸಣ್ಣ ಕಾರಿನಲ್ಲಿ ಸುಮಾರು ಶೇ 60ರಷ್ಟು ಭಾರ ಮುಂದಿನ ಚಕ್ರಗಳ ಮೇಲಿರುತ್ತದೆ. 900 ಕಿಲೋ ಕಾರಾದರೆ ಒಂದೊಂದು ಮುಂದಿನ ಚಕ್ರಕ್ಕೆ 270 ಕಿಲೋ ಬಂದದ್ದು ಹೀಗೆ.

ಎರಡನೆಯದು ಟೈರಿನ ಅಗಲ. ಟೈರಿನ ಪಕ್ಕದಲ್ಲಿ 165/80 ಆರ್14 ಎಂಬಂಥ ಬರಹ ಇರುತ್ತದೆ. ಮೊದಲ ಸಂಖ್ಯೆಯೇ ಮಿಲಿಮೀಟರಿನಲ್ಲಿ ಅಗಲ. ರ‍್ಯಾಂಪ್ ಇದಕ್ಕಿಂತ ಎರಡೂ ಬದಿಗೆ ಒಂದೊಂದು ಅಂಗುಲಕ್ಕಿಂತ ಹೆಚ್ಚು ಅಗಲವಿರಬೇಕು. 185ರವರೆಗಿನ ಟೈರಿಗೆ 10 ಅಂಗುಲ, 205 ಅಥವಾ 215ಕ್ಕೆ 12 ಅಂಗುಲ ಅಗಲದ ಹಲಗೆ ಎಂದು ಲೆಕ್ಕ ಇಟ್ಟುಕೊಳ್ಳಿ.

ಮೂರು ಮತ್ತು ನಾಲ್ಕನೆಯದು ಕಾರಿನ ಮೂಗಿನ ಅಳತೆ. ಮುಂದಿನ ಚಕ್ರದ ನಡುವಿನಿಂದ ಬಂಪರಿನ ಅತಿ ತಗ್ಗಿನ ಅಂಚಿನವರೆಗೆ ಎಷ್ಟು ದೂರ, ಆ ಅಂಚು ನೆಲದಿಂದ ಎಷ್ಟು ಎತ್ತರ. ಇದನ್ನು ಅಳೆಯದೆ ರ‍್ಯಾಂಪ್ ಕೊಂಡವರು ಚಕ್ರ ತಾಗುವ ಮೊದಲೇ ಬಂಪರ್ ತಾಗಿಸಿಕೊಂಡು ಪೇಚಾಡುತ್ತಾರೆ. ಪರೀಕ್ಷೆ ಸುಲಭ: ದಪ್ಪ ರಟ್ಟಿನಲ್ಲಿ ರ‍್ಯಾಂಪಿನ ಪಕ್ಕನೋಟವನ್ನು ನಿಜ ಅಳತೆಯಲ್ಲೇ ಕತ್ತರಿಸಿ ಟೈರಿನ ಮುಂದೆ ನಿಲ್ಲಿಸಿ. ಮೂಗಿಗೂ ರಟ್ಟಿಗೂ ನಡುವೆ ಎರಡು ಬೆರಳು ಹಿಡಿದರೆ ಸರಿ. ಹಿಡಿಯದಿದ್ದರೆ ಏರು ಇನ್ನೂ ಮಂದವಾಗಬೇಕು. ಒಂದಕ್ಕೆ ನಾಲ್ಕರ ಬದಲು ಒಂದಕ್ಕೆ ಐದು, ತಗ್ಗು ಮೂಗಿನ ಸೆಡಾನ್ ಆದರೆ ಒಂದಕ್ಕೆ ಆರು.

ಎತ್ತರ ಎಷ್ಟಿರಬೇಕು? ಏಳರಿಂದ ಎಂಟು ಅಂಗುಲ ಸಾಕು. ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರಕ್ಕೆ ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಸಣ್ಣ ಕಾರುಗಳಲ್ಲಿ ಅದು 160ರಿಂದ 170 ಮಿ.ಮೀ. ಅದಕ್ಕೆ ಏಳು ಅಂಗುಲ ಸೇರಿದರೆ ಇಂಜಿನ್ನಿನ ಅಡಿಯಲ್ಲಿ ಒಂದು ಅಡಿಗಿಂತ ಹೆಚ್ಚು ಜಾಗ ಸಿಗುತ್ತದೆ. ಅಂಗಾತ ಮಲಗಿ, ಎದೆಯ ಮೇಲೆ ಕೈ ಮಡಚಿ ಪಾನಾ ತಿರುಗಿಸಲು ಅಷ್ಟು ಧಾರಾಳ. ಕೂತು ಕೆಲಸ ಮಾಡುವಷ್ಟು ಎತ್ತರದ ಆಸೆಗೆ ಬಿದ್ದರೆ ರ‍್ಯಾಂಪ್ ಉದ್ದವಾಗುತ್ತದೆ, ಭಾರವಾಗುತ್ತದೆ, ಅಪಾಯವೂ ಬೆಳೆಯುತ್ತದೆ.

4. ಕೊಳ್ಳುವುದಾದರೆ

ಕಬ್ಬಿಣದ ರ‍್ಯಾಂಪ್ ಕೊಳ್ಳುವಾಗ ‘2 ಟನ್’ ಎಂದು ಬರೆದದ್ದನ್ನು ನೋಡಿ ಹಣ ಕೊಡಬೇಡಿ. ಅದು ಒಂದಕ್ಕೋ ಜೋಡಿಗೋ ಎಂದು ಕೇಳಿ. ಬಹುಪಾಲು ಜೋಡಿಗೇ ಇರುತ್ತದೆ. ಜೋಡಿಯ ಸಾಮರ್ಥ್ಯ ನಿಮ್ಮ ಕಾರಿನ ಒಟ್ಟು ತೂಕದ ಒಂದೂವರೆ ಪಟ್ಟಾದರೂ ಇರಲಿ. ರ‍್ಯಾಂಪಿನ ಮೇಲೆ ಬರುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾರ ಮಾತ್ರ ಎಂಬುದು ನಿಜ, ಆದರೆ ಈ ವಿಷಯದಲ್ಲಿ ನಾನು ಜಿಪುಣನಲ್ಲ.

ತಲೆಕೆಳಗು ಮಾಡಿ ಬೆಸುಗೆ ನೋಡಿ. ಬೆಸುಗೆ ಕೂಟಿನ ಉದ್ದಕ್ಕೂ ಹರಿದಿರಬೇಕು. ಅಲ್ಲಲ್ಲಿ ಚುಕ್ಕೆ ಇಟ್ಟಂತಿದ್ದರೆ ಅದಕ್ಕೆ ಟ್ಯಾಕ್ ಎನ್ನುತ್ತಾರೆ, ಜೋಡಣೆಯ ಹೊತ್ತಿಗೆ ತಾತ್ಕಾಲಿಕವಾಗಿ ಹಿಡಿದಿಡುವ ಬೆಸುಗೆ ಅದು. ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರೂ ಇದನ್ನೇ ನೋಡಿ. ಗೇಟು, ಕಿಟಕಿ ಮಾಡುವ ತೆಳು ಪೈಪಿನಲ್ಲಿ ಮಾಡಿಕೊಡುತ್ತೇನೆ ಎಂದರೆ ನಮಸ್ಕಾರ ಹೇಳಿ ಬನ್ನಿ.

ಪ್ಲಾಸ್ಟಿಕ್ ರ‍್ಯಾಂಪ್ ಹಗುರ, ತುಕ್ಕಿಲ್ಲ. ಆದರೆ ಕೆಳಗೆ ಟೊಳ್ಳಿರುವುದರಿಂದ ನೆಲ ಪೂರ್ತಿ ಸಮವಿರಬೇಕು, ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೂ ಭಾರ ಒಂದೇ ಕಡೆ ಬೀಳುತ್ತದೆ. ನಮ್ಮ ಬಿಸಿಲಿನಲ್ಲಿ ವರ್ಷಗಟ್ಟಲೆ ಹೊರಗೆ ಬಿದ್ದ ಪ್ಲಾಸ್ಟಿಕ್ ಬಿರುಸಾಗುತ್ತದೆ. ಒಳಗೆ ಎತ್ತಿಡುವ ಅಭ್ಯಾಸ ಇಲ್ಲದವರು ಕೊಳ್ಳಬೇಡಿ.

5. ಮಾಡುವುದಾದರೆ: ಹಲಗೆ ಪೇರಿಸಿದ ಮೆಟ್ಟಿಲು ರ‍್ಯಾಂಪ್

ನನ್ನ ಆಯ್ಕೆ ಇದೇ. ಇದರಲ್ಲಿ ಕಾಲಿಲ್ಲ, ಕಮಾನಿಲ್ಲ, ಟೊಳ್ಳಿಲ್ಲ. ಹಲಗೆಯ ಮೇಲೆ ಹಲಗೆ, ಅದರ ಮೇಲೆ ಹಲಗೆ. ಚಕ್ರದ ಭಾರ ನೆಟ್ಟಗೆ ನೆಲಕ್ಕೆ ಇಳಿಯುತ್ತದೆ. ಟೈರು ತಾನು ನಿಂತ ಜಾಗದ ಮೇಲೆ ಹಾಕುವ ಒತ್ತಡ ಅದರೊಳಗಿನ ಗಾಳಿಯ ಒತ್ತಡದ ಆಸುಪಾಸಿನಲ್ಲೇ ಇರುತ್ತದೆ. 30 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡು ಕಿಲೋ. ಅಡ್ಡ ಮಲಗಿಸಿದ ಮೆದು ಮರ ಕೂಡ ಇದರ ಹಲವು ಪಟ್ಟು ಒತ್ತಡವನ್ನು ತಡೆಯುತ್ತದೆ. ಇಲ್ಲಿ ಮುರಿಯುವಂಥದ್ದು ಏನೂ ಇಲ್ಲ ಎಂಬುದೇ ಇದರ ಹಿರಿಮೆ.

ಹಾಗಾದರೆ ಹಾಲೋ ಬ್ಲಾಕ್ ಏಕೆ ಬೇಡ, ಅದರ ಮೇಲೆ ಮನೆಯೇ ನಿಲ್ಲುತ್ತದಲ್ಲ ಎಂದು ಕೇಳುತ್ತೀರಿ. ಗೋಡೆಯಲ್ಲಿ ಅದು ಗಾರೆಯ ನಡುವೆ ಕೂತು ಎಲ್ಲ ಕಡೆ ಸಮನಾಗಿ ಭಾರ ಹೊರುತ್ತದೆ. ಅಂಗಳದಲ್ಲಿ ಅಡಿಯಲ್ಲೊಂದು ಕಲ್ಲುಹರಳು ಸಿಕ್ಕಿಕೊಂಡು, ಮೇಲೊಂದು ಹಲಗೆ ಓಲಾಡಿದರೆ, ಭಾರವೆಲ್ಲ ತೆಳುವಾದ ಒಂದು ಗೋಡೆಯ ಮೇಲೆ ಬೀಳುತ್ತದೆ. ಮರ ಬಿರಿಯುವ ಮೊದಲು ನರಳುತ್ತದೆ, ಕಬ್ಬಿಣ ಬಗ್ಗುತ್ತದೆ. ಕಾಂಕ್ರೀಟ್ ಬ್ಲಾಕ್ ಯಾವ ಮುನ್ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ. ಇಟ್ಟಿಗೆ, ಕರಾವಳಿಯ ಮುರಕಲ್ಲು, ಮಂಗಳೂರು ಹೆಂಚಿನ ಅಟ್ಟಿ, ಯಾವುದೂ ಕಾರಿನ ಕೆಳಗೆ ಬೇಡ. ಸೈಜುಗಲ್ಲು ಪುಡಿಯಾಗದಿದ್ದರೂ ಒಂದರ ಮೇಲೊಂದು ಜಾರುತ್ತದೆ.

ಮರದ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ. ಹೊನ್ನೆ, ಮತ್ತಿ ಸಿಕ್ಕರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ಆದರೆ ಬೆಲೆ ಕೇಳಿದರೆ ಕಾರೇ ಬೇಡ ಅನ್ನಿಸುತ್ತದೆ. ಮಲೆನಾಡಿನಲ್ಲಿ ಸುಲಭವಾಗಿ ಸಿಗುವ ಅಕೇಶಿಯ, ಕಾಫಿ ಸೀಮೆಯ ಸಿಲ್ವರ್ ಓಕ್, ಹಲಸು, ಯಾವುದಾದರೂ ಆದೀತು. ಮಾವು ಮತ್ತು ರಬ್ಬರ್ ಮರವನ್ನು ಹುಳು ಬೇಗ ಹಿಡಿಯುತ್ತದೆ, ಬಿಟ್ಟುಬಿಡಿ. ಹಲಗೆ ಒಣಗಿರಬೇಕು, ಗಂಟು ಕಡಿಮೆ ಇರಬೇಕು, ತುದಿಯಿಂದ ಓಡಿದ ಸೀಳು ಇರಕೂಡದು. ಪ್ಲೈವುಡ್ಡಿನಲ್ಲಿ ಮಾಡುವವರು ಐಎಸ್ 710 ಮುದ್ರೆಯ ಮರೀನ್ ಪ್ಲೈ ತನ್ನಿ. ಮಾಮೂಲಿ ವಾಣಿಜ್ಯ ದರ್ಜೆಯ ಪ್ಲೈ ಒಂದು ಮಳೆಗಾಲಕ್ಕೇ ಪದರ ಬಿಡುತ್ತದೆ.

185ರವರೆಗಿನ ಟೈರಿರುವ ಸಣ್ಣ ಕಾರಿಗೆ ಲೆಕ್ಕ ಹೀಗೆ. 10 ಅಂಗುಲ ಅಗಲ, 2 ಅಂಗುಲ ದಪ್ಪ, 10 ಅಡಿ ಉದ್ದದ ಎರಡು ಹಲಗೆ. ಮಿಲ್ಲಿನವರು ಘನ ಅಡಿಯ ಲೆಕ್ಕದಲ್ಲಿ ಹೇಳುತ್ತಾರೆ, ಒಟ್ಟು ಸುಮಾರು ಎರಡೂ ಮುಕ್ಕಾಲು ಘನ ಅಡಿ. ಒಂದು ಹಲಗೆಗೆ ಒಂದು ರ‍್ಯಾಂಪ್.

ಅ) ಪ್ರತಿ ಹಲಗೆಯನ್ನು 40, 32, 24 ಮತ್ತು 16 ಅಂಗುಲಗಳ ನಾಲ್ಕು ತುಂಡು ಮಾಡಿ. ಗರಗಸ ತಿಂದದ್ದು ಹೋಗಿ ಏಳೂವರೆ ಅಂಗುಲದ ಒಂದು ಮೋಟು ಉಳಿಯುತ್ತದೆ, ಎಸೆಯಬೇಡಿ.

ಆ) 40ರದ್ದು ಕೆಳಗೆ, 16ರದ್ದು ಮೇಲೆ ಬರುವಂತೆ ಪೇರಿಸಿ. ಒಂದು ತುದಿಯಲ್ಲಿ ನಾಲ್ಕೂ ಒಂದೇ ಗೆರೆಗೆ ಬರಬೇಕು, ಇನ್ನೊಂದು ತುದಿಯಲ್ಲಿ ಎಂಟೆಂಟು ಅಂಗುಲದ ಮೆಟ್ಟಿಲು ಮೂಡಬೇಕು. ಅಂಟು ಹಚ್ಚುವ ಮೊದಲೇ ಈ ಅಟ್ಟಿಯನ್ನು ಟೈರಿನ ಮುಂದಿಟ್ಟು ಕಾರಿನ ಮೂಗನ್ನು ಮತ್ತೊಮ್ಮೆ ನೋಡಿ. ಮೂಗು ತಗ್ಗಾಗಿದ್ದರೆ ಮೆಟ್ಟಿಲನ್ನು 10 ಅಂಗುಲಕ್ಕೆ ಏರಿಸಬೇಕಾಗುತ್ತದೆ, ಆಗ ಮರವೂ ಹೆಚ್ಚು ಬೇಕು.

ಇ) ಪ್ರತಿ ಮೆಟ್ಟಿಲಿನ ಹತ್ತುವ ಅಂಚನ್ನು 45 ಡಿಗ್ರಿಗೆ ಓರೆಯಾಗಿ ಕೊಯ್ಯಿರಿ. ಚೂಪು ಅಂಚು ಟೈರಿಗೆ ಬಡಿದು ರ‍್ಯಾಂಪನ್ನು ದೂಡುತ್ತದೆ, ಓರೆ ಅಂಚನ್ನು ಟೈರು ಮೆತ್ತಗೆ ನುಂಗಿಕೊಂಡು ಏರುತ್ತದೆ.

ಈ) ನೀರು ತಡೆಯುವ ಮರದ ಅಂಟನ್ನು ಎರಡು ಮೈಗೂ ಸವರಿ, ಒಂದೊಂದೇ ಪದರವನ್ನು ಕೆಳಗಿನದಕ್ಕೆ ಮೂರು ಅಂಗುಲದ ಸ್ಕ್ರೂಗಳಿಂದ ಬಿಗಿಯಿರಿ. ಮೊದಲು ಸಣ್ಣ ತೂತು ಕೊರೆದುಕೊಳ್ಳಿ, ಇಲ್ಲದಿದ್ದರೆ ಅಂಚಿನಲ್ಲಿ ಮರ ಸೀಳುತ್ತದೆ. ಸ್ಕ್ರೂ ತಲೆ ಮರದೊಳಗೆ ಹೂತಿರಲಿ. ಮೊಳೆ ಬೇಡ, ಓಲಾಟಕ್ಕೆ ಮೊಳೆ ಸಡಿಲವಾಗುತ್ತದೆ. ಅಂಟು ಒಣಗುವವರೆಗೆ ಒಂದು ದಿನ ಮೇಲೆ ರುಬ್ಬುಗುಂಡನ್ನೋ ಸಿಮೆಂಟ್ ಚೀಲವನ್ನೋ ಹೇರಿಡಿ.

ಉ) ಉಳಿದ ಮೋಟಿನಿಂದ ಮೂರು ಅಂಗುಲ ಅಗಲದ ಪಟ್ಟಿ ಸೀಳಿ, ನೆತ್ತಿಯ ಮುಂದಿನ ತುದಿಯಲ್ಲಿ ಅಡ್ಡಡ್ಡ ಕೂರಿಸಿ, ನಾಲ್ಕು ಉದ್ದನೆಯ ಸ್ಕ್ರೂ ಹಾಕಿ. ಇದು ತಡೆಕಟ್ಟಿಗೆ. ಚಕ್ರ ಇದಕ್ಕೆ ತಾಗಿದಾಗ ಚಾಲಕನಿಗೆ ತಿಳಿಯುತ್ತದೆ, ‘ಇಲ್ಲಿಗೆ ಸಾಕು’ ಎಂದು. ಆದರೆ ಎರಡು ಅಂಗುಲದ ಕಟ್ಟಿಗೆ ಸೂಚನೆ ಕೊಡುತ್ತದೆಯೇ ಹೊರತು ಕಾರನ್ನು ಹಿಡಿದು ನಿಲ್ಲಿಸುವುದಿಲ್ಲ. ಜೋರಾಗಿ ಬಂದರೆ ಟೈರು ಅದನ್ನೂ ಹತ್ತಿ ಆಚೆ ಬೀಳುತ್ತದೆ.

ಊ) ತಳಕ್ಕೆ ರಬ್ಬರ್. ಬದಿಗಳಿಗೆ ಬಿಳಿ ಬಣ್ಣ, ಹೊರಗೆ ನಿಂತು ನೋಡುವವರಿಗೆ ಅಂಚು ಸ್ಪಷ್ಟ ಕಾಣಲೆಂದು. ಚಕ್ರ ಹತ್ತುವ ಮೈಗೆ ಆಯಿಲ್ ಪೇಂಟ್ ಬಳಿಯಬೇಡಿ, ನೀರು ಬಿದ್ದರೆ ಜಾರುತ್ತದೆ.

6. ಪರೀಕ್ಷೆ

ಹೊಸ ರ‍್ಯಾಂಪಿನ ಮೇಲೆ ಕಾರು ಹತ್ತಿಸಿ, ಕೆಳಗೆ ಯಾರೂ ಹೋಗದೆ ಅರ್ಧ ಗಂಟೆ ಬಿಡಿ. ಹತ್ತಿಸುವ ಮೊದಲು ರ‍್ಯಾಂಪಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿಟ್ಟುಕೊಳ್ಳಿ. ಈ ಗೆರೆ ಸುಳ್ಳು ಹೇಳುವುದಿಲ್ಲ. ರ‍್ಯಾಂಪ್ ಗೆರೆಯಿಂದ ಬೆರಳಗಲ ಸರಿದಿದ್ದರೂ ರಬ್ಬರ್ ಸಾಲದು ಅಥವಾ ನೆಲ ಸರಿಯಿಲ್ಲ ಎಂದರ್ಥ. ಮುಂದಿನ ಎರಡು ಸೀಟುಗಳ ಕಾಲಿಡುವ ಜಾಗದಲ್ಲಿ ಒಂದೊಂದು 25 ಕಿಲೋ ಅಕ್ಕಿಚೀಲ ಇಟ್ಟು ಇನ್ನೊಮ್ಮೆ ಹತ್ತಿಸಿ. ಬಳಿಕ ಇಳಿಸಿ, ರ‍್ಯಾಂಪ್ ತಿರುಗಿಸಿ, ಸೀಳು, ಸಡಿಲ ಸ್ಕ್ರೂ, ಕಬ್ಬಿಣದ್ದಾದರೆ ಬಣ್ಣ ಬಿರಿದ ಕೂಟುಗಳನ್ನು ನೋಡಿ. ಬೆಸುಗೆ ಬಿರಿಯುವ ಮೊದಲು ಅದರ ಮೇಲಿನ ಬಣ್ಣ ಬಿರಿಯುತ್ತದೆ.

7. ಹತ್ತಿಸುವುದು

ಇದು ಇಬ್ಬರ ಕೆಲಸ. ಒಬ್ಬರು ಓಡಿಸಬೇಕು, ಇನ್ನೊಬ್ಬರು ನೋಡಬೇಕು. ನೋಡುವವರು ಕಾರಿನ ಪಕ್ಕಕ್ಕೆ, ಎರಡು ಮೀಟರ್ ದೂರದಲ್ಲಿ ನಿಲ್ಲಬೇಕು. ಕಾರಿನ ಮುಂದೆ, ಕಾರಿಗೂ ಗೋಡೆಗೂ ನಡುವೆ ಯಾರೂ ಬೇಡ, ಎರಡು ಸೆಕೆಂಡಿನ ಮಟ್ಟಿಗೂ ಬೇಡ.

ಸ್ಟಿಯರಿಂಗ್ ನೇರ ಮಾಡಿ, ಕಾರನ್ನು ನಾಲ್ಕಡಿ ಹಿಂದೆ ಮುಂದೆ ಆಡಿಸಿ ಚಕ್ರ ನೆಟ್ಟಗಾಗಿರುವುದನ್ನು ಖಚಿತಪಡಿಸಿಕೊಳ್ಳಿ. ರ‍್ಯಾಂಪ್‌ಗಳನ್ನು ಟೈರಿಗೆ ಒತ್ತಿಕೊಂಡು, ಟೈರಿನ ನಡುಗೆರೆ ಹಲಗೆಯ ನಡುವಿಗೆ ಬರುವಂತೆ ಇಡಿ. ಒಂದು ಟೈರು ಮೊದಲು ತಾಗಿ ಇನ್ನೊಂದು ಆಮೇಲೆ ತಾಗಿದರೆ ಕಾರು ಓರೆಯಾಗುತ್ತದೆ.

ಕಿಟಕಿ ಇಳಿಸಿ, ಹಾಡು ನಿಲ್ಲಿಸಿ. ಫಸ್ಟ್ ಗೇರ್, ಅರ್ಧ ಕ್ಲಚ್. ಮೊದಲ ಮೆಟ್ಟಿಲಿಗೆ ಟೈರು ಒತ್ತಿಕೊಂಡಾಗ ಕಾರು ಒಂದು ಕ್ಷಣ ತಡೆದು ನಿಲ್ಲುತ್ತದೆ, ಇಂಜಿನ್ನಿನ ದನಿ ಕುಗ್ಗುತ್ತದೆ. ಎಲ್ಲರೂ ಎಡವುವುದು ಇಲ್ಲೇ, ಹೆದರಿ ಆಕ್ಸಿಲರೇಟರ್ ತುಳಿಯುತ್ತಾರೆ. ತುಳಿಯಬೇಡಿ. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಿ, ಮೂಗು ಮೇಲೇಳುತ್ತದೆ, ಒಂದು ಮೆಟ್ಟಿಲು ಆಯಿತು. ಅಲ್ಲೇ ಬ್ರೇಕ್ ಹಿಡಿದು, ನೋಡುವವರ ಕಡೆ ತಿರುಗಿ, ರ‍್ಯಾಂಪ್ ಗೆರೆಯ ಮೇಲೇ ಇದೆಯೇ ಎಂದು ಕೇಳಿ. ಇದೆ ಎಂದರೆ ಮುಂದಿನ ಮೆಟ್ಟಿಲು. ಮೆಟ್ಟಿಲು ರ‍್ಯಾಂಪಿನ ದೊಡ್ಡ ಸುಖ ಇದೇ, ಎಲ್ಲಿ ಬೇಕಾದರೂ ನಿಂತು ಉಸಿರು ಬಿಡಬಹುದು. ಆಟೊಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಮೇಲಿನ ಕಾಲನ್ನು ಸಡಿಲಿಸುತ್ತಾ ಏರಿಸಿ. ಸ್ವಲ್ಪ ಆಕ್ಸಿಲರೇಟರ್ ಬೇಕೇ ಆದರೆ, ಮೆಟ್ಟಿಲು ಏರಿದ ಕೂಡಲೇ ಕಾರು ಮುಂದಕ್ಕೆ ನುಗ್ಗುತ್ತದೆ ಎಂಬುದು ನೆನಪಿರಲಿ. ಎಎಂಟಿ ಗೇರಿನ ಕಾರುಗಳು, ಎಂದರೆ ಮಾಮೂಲಿ ಕ್ಲಚ್ಚನ್ನೇ ಯಂತ್ರ ತುಳಿಯುವಂಥವು, ಇಲ್ಲಿ ತುಸು ಮೊಂಡಾಟ ಮಾಡುತ್ತವೆ. ಸಮಾಧಾನ ಬೇಕು.

ಓರೆಯಾಯಿತೇ? ರ‍್ಯಾಂಪಿನ ಮೇಲೆ ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಹಿಂದಕ್ಕೆ ಇಳಿಸಿ ಮೊದಲಿನಿಂದ ಶುರು ಮಾಡಿ.

8. ಕಟ್ಟಿ ನಿಲ್ಲಿಸುವುದು

ಕಾರು ನೆತ್ತಿಗೆ ಬಂದಿದೆ, ಚಕ್ರ ತಡೆಕಟ್ಟಿಗೆಗೆ ಮೆಲ್ಲಗೆ ತಾಗಿದೆ. ಅರ್ಧ ಅಂಗುಲ ಹಿಂದೆ ಸರಿಸಿ, ಚಕ್ರ ಕಟ್ಟಿಗೆಗೆ ಒರಗದೆ ಹಲಗೆಯ ಮೇಲೇ ಕೂರಲಿ. ಈಗ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಫಸ್ಟ್ ಗೇರಿಗೆ ಹಾಕಿ ಇಂಜಿನ್ ಆರಿಸಿ. ಆಟೊಮ್ಯಾಟಿಕ್ ಆದರೆ ‘ಪಿ’. ಕೀಲಿ ನಿಮ್ಮ ಜೇಬಿಗೆ. ಮನೆಯವರಲ್ಲಿ ಯಾರೋ ‘ಎಸಿ ಹಾಕಿ ಕೂರೋಣ’ ಎಂದು ಒಳಗೆ ಬಂದು ಸ್ಟಾರ್ಟ್ ಮಾಡುವ ಸಾಧ್ಯತೆಯನ್ನು ನಕ್ಕು ತಳ್ಳಿಹಾಕಬೇಡಿ.

ನಂತರ ನೆಲದ ಮೇಲಿರುವ ಹಿಂದಿನ ಎರಡೂ ಚಕ್ರಗಳಿಗೆ ಬೆಣೆ. ಲಾರಿ ಕ್ಲೀನರ್‌ಗಳು ಏರಿನಲ್ಲಿ ಓಡಿಬಂದು ‘ಕಲ್ಲು ಕೊಡುವುದು’ ನೋಡಿದ್ದೀರಲ್ಲ, ಅದೇ ಕೆಲಸ. ಆದರೆ ದುಂಡು ಕಲ್ಲು ಬೇಡ, ಉರುಳುತ್ತದೆ. ಟೈರಿನ ಎತ್ತರದ ಕಾಲು ಭಾಗದಷ್ಟು, ಅಂದರೆ ಐದಾರು ಅಂಗುಲ ಎತ್ತರದ ರಬ್ಬರ್ ಅಥವಾ ಮರದ ಬೆಣೆಯನ್ನು ಚಕ್ರದ ಹಿಂದೆ ಸುತ್ತಿಗೆಯಿಂದ ಒಂದೇಟು ಕೊಟ್ಟು ಕೂರಿಸಿ. ಚಕ್ರದ ಮುಂದೆಯೂ ಒಂದೊಂದು ಇರಲಿ.

ಹಿಂದಿನ ಚಕ್ರಗಳನ್ನು ರ‍್ಯಾಂಪ್ ಹತ್ತಿಸಿದ್ದರೆ ಲೆಕ್ಕ ತಿರುಗುಮುರುಗು. ಬಹುತೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವು ಈಗ ರ‍್ಯಾಂಪಿನ ಮೇಲಿವೆ. ನೆಲದ ಮೇಲಿರುವ ಮುಂದಿನ ಚಕ್ರಗಳನ್ನು ಹಿಡಿದಿರುವುದು ಗೇರ್ ಒಂದೇ, ಅದೂ ಮುಂದಿನ ಚಕ್ರ ಎಳೆಯುವ ಕಾರಾದರೆ. ಆದ್ದರಿಂದ ಆಗ ಮುಂದಿನ ಚಕ್ರಗಳ ಬೆಣೆಯೇ ನಿಮ್ಮ ಪ್ರಾಣ.

ಇಷ್ಟಾದ ಮೇಲೆ ಜ್ಯಾಕ್ ಸ್ಟ್ಯಾಂಡ್. ರ‍್ಯಾಂಪ್ ಇದ್ದಮೇಲೆ ಸ್ಟ್ಯಾಂಡ್ ಏಕೆ ಎನ್ನುವವರಿದ್ದಾರೆ. ರ‍್ಯಾಂಪ್ ಜಾರಿದರೂ, ಕಾರು ಉರುಳಿದರೂ ಅದು ನಿಮ್ಮ ಮೇಲೆ ಕೂರದಿರಲಿ ಎಂದು. ಕಾರಿನ ಕೈಪಿಡಿಯಲ್ಲಿ ತೋರಿಸಿದ ಜ್ಯಾಕ್ ಹಿಡಿಯುವ ಜಾಗದ ಕೆಳಗೆ, ಮೈಗೆ ತಾಗುವಷ್ಟು ಎತ್ತರಕ್ಕೆ ಎರಡು ಸ್ಟ್ಯಾಂಡ್ ನಿಲ್ಲಿಸಿ. ಭಾರ ರ‍್ಯಾಂಪಿನ ಮೇಲೇ ಇರುತ್ತದೆ, ಸ್ಟ್ಯಾಂಡ್ ಸುಮ್ಮನೆ ಕಾವಲು ನಿಂತಿರುತ್ತದೆ.

ಈಗ ಬಂಪರಿನ ಪಕ್ಕ ನಿಂತು, ಸೊಂಟದಿಂದ ಕಾರನ್ನು ಹಿಂದೆ ಮುಂದೆ, ಅಕ್ಕಪಕ್ಕ ಜೋರಾಗಿ ಅಲುಗಾಡಿಸಿ. ಸಸ್ಪೆನ್ಷನ್ ತೂಗಬೇಕು, ಚಕ್ರ ಮಿಸುಕಬಾರದು. ಮಿಸುಕಿದರೆ ಕೆಳಗೆ ಹೋಗುವುದು ಬೇಡ.

9. ಕೆಳಗೆ ಹೋದ ಮೇಲೆ

ಮನೆಯಲ್ಲಿ ಒಬ್ಬರಾದರೂ ಇರುವಾಗಲೇ ಮಲಗಿ, ಅವರಿಗೆ ಹೇಳಿಯೇ ಮಲಗಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಒಣಗಿದ ಕೆಸರು ಮೊದಲು ಬೀಳುವುದೇ ಕಣ್ಣಿಗೆ. ಸೈಲೆನ್ಸರ್ ಪೈಪ್ ಆರಲು ಸಮಯ ಕೊಡಿ. ಆಯಿಲ್ ಉಗುರುಬೆಚ್ಚಗಿದ್ದರೆ ಚೆನ್ನಾಗಿ ಹರಿಯುತ್ತದೆ, ಕುದಿಯುವಷ್ಟು ಬಿಸಿ ಇದ್ದರೆ ಮೊಣಕೈವರೆಗೆ ಸುಡುತ್ತದೆ. ನೀವು ಕೆಳಗಿರುವಾಗ ಇಂಜಿನ್ ಚಾಲೂ ಆಗಕೂಡದು. ಬಿಗಿಯಾದ ಬೋಲ್ಟ್ ಸಿಕ್ಕರೆ ಪಾನಾವನ್ನು ಕಾರಿನ ಉದ್ದಕ್ಕೆ ಜಗ್ಗಬೇಡಿ, ಪೈಪು ಸಿಕ್ಕಿಸಿ ನೇತಾಡಬೇಡಿ. ಕಾರನ್ನು ರ‍್ಯಾಂಪಿನಿಂದ ಎಳೆಯುವ ಬಲ ಅದು. ವಿದ್ಯುತ್ ಕಾರು, ಹೈಬ್ರಿಡ್ ಕಾರುಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಮುಟ್ಟಬೇಡಿ, ಅದರಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ.

ಆಯಿಲ್ ಸಂಪ್, ಅಂದರೆ ಇಂಜಿನ್ನಿನ ತಳದ ಆಯಿಲ್ ಪಾತ್ರೆ, ಕಾರು ಮೂಗೆತ್ತಿ ನಿಂತಾಗ ಸುಮಾರು ನಾಲ್ಕೈದು ಡಿಗ್ರಿ ವಾಲಿರುತ್ತದೆ. ಆಯಿಲ್ ಇಳಿಸಲು ಬಿಚ್ಚುವ ತಳದ ಬಿರಡೆ ಹಿಂಭಾಗದಲ್ಲಿದ್ದರೆ ಆಯಿಲ್ ಪೂರ್ತಿ ಇಳಿಯುತ್ತದೆ, ಮುಂಭಾಗದಲ್ಲಿದ್ದರೆ ಸ್ವಲ್ಪ ಉಳಿಯುತ್ತದೆ. ಉಳಿದಿದೆ ಎಂದು ತಿಳಿಯದೆ ಕೈಪಿಡಿಯಲ್ಲಿ ಹೇಳಿದ ಪೂರ್ತಿ ಅಳತೆ ಸುರಿದರೆ ಮಟ್ಟ ಮೀರುತ್ತದೆ. ಅರ್ಧ ಲೀಟರ್ ಕಡಿಮೆ ಹಾಕಿಟ್ಟುಕೊಳ್ಳಿ, ಉಳಿದದ್ದು ನೆಲಕ್ಕಿಳಿದ ಮೇಲೆ.

ಹಳೆಯ ಆಯಿಲನ್ನು ಚರಂಡಿಗೆ, ತೆಂಗಿನ ಬುಡಕ್ಕೆ ಸುರಿಯಬೇಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಹಳೆಯ ಆಯಿಲನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಟ್ಟುಬಿಡಿ.

10. ಇಳಿಸುವುದು

ಕೆಳಗಿನ ಪಾನಾ, ಬಾಣಲೆ, ಬಟ್ಟೆ ಎಲ್ಲ ಹೊರಗೆ. ಮಕ್ಕಳು, ನಾಯಿ ಮನೆಯೊಳಗೆ. ಸ್ಟ್ಯಾಂಡ್ ತೆಗೆಯಿರಿ. ಬಳಿಕ ಚಾಲಕ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದ ಮೇಲಷ್ಟೇ ಬೆಣೆ ತೆಗೆಯಿರಿ. ಈ ಕ್ರಮ ತಪ್ಪಿದರೆ ಕಾರು ತಾನಾಗಿ ಇಳಿಯುತ್ತದೆ. ಹೊಸ ಆಯಿಲ್ ಹಾಕದೆ ಇಂಜಿನ್ ಚಾಲೂ ಮಾಡಿದವರೂ ಉಂಟು, ಒಮ್ಮೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿಬಿಡಿ. ರಿವರ್ಸ್ ಗೇರ್ ಹಾಕಿ, ಬ್ರೇಕಿನ ಹಿಡಿತದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ.

ಸಮತಟ್ಟು ನೆಲದಲ್ಲಿ ಎರಡು ನಿಮಿಷ ಇಂಜಿನ್ ಓಡಿಸಿ, ಆರಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ನೋಡಿ ಬಾಕಿ ಆಯಿಲ್ ತುಂಬಿ. ಬಗ್ಗಿ, ಬಿರಡೆಯ ಕೆಳಗೆ ನೆಲದ ಮೇಲೆ ಹನಿ ಬಿದ್ದಿದೆಯೇ ನೋಡಿ. ರ‍್ಯಾಂಪ್‌ಗಳ ಮೇಲೆ ಚೆಲ್ಲಿದ ಆಯಿಲನ್ನು ಮರದ ಪುಡಿ ಹಾಕಿ ಉಜ್ಜಿ ತೆಗೆದು, ಗೋಡೆಗೆ ತಾಗದಂತೆ, ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿಡಿ. ಮಣ್ಣಿಗೆ ತಾಗಿಸಿ ಮಲಗಿಸಿದರೆ ಮುಂದಿನ ಸರ್ವಿಸ್ ಹೊತ್ತಿಗೆ ಗೆದ್ದಲು ಒಳಗಿನಿಂದ ತಿಂದು, ಹೊರಗೆ ಬಿಳಿ ಬಣ್ಣ ಮಾತ್ರ ಉಳಿಸಿರುತ್ತದೆ.